"ಹತ್ತು ಯೂನಿಟ್ ಲಾಭ" ಅಂದರೆ ಎಷ್ಟು? ಕ್ರೀಡಾ ಬೆಟ್ಟಿಂಗ್‌ನ ಲೆಕ್ಕ ಓದುವ ಬಗೆ

ಕಳೆದ ಫೆಬ್ರವರಿಯಲ್ಲಿ, ಅಮೆರಿಕನ್ ಫುಟ್‌ಬಾಲ್ ಸೀಸನ್ ಮುಗಿದ ವಾರ, ಗೆಳೆಯನೊಬ್ಬ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದ. ಕಾಫಿ ಕುಡಿಯುತ್ತ "ಈ ಸೀಸನ್‌ನಲ್ಲಿ 1,200 ಡಾಲರ್ ಗೆದ್ದೆ ಕಣೋ" ಅಂದ. "ಒಟ್ಟು ಎಷ್ಟು ಹಾಕಿದ್ದೆ?" ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಆ್ಯಪ್ ತೆಗೆದು, ಕರೆಂಟ್ ಬಿಲ್ ಬಂದ ಕವರಿನ ಹಿಂದೆ ಇಬ್ಬರೂ ಲೆಕ್ಕ ಬರೆದೆವು. ಸೆಪ್ಟೆಂಬರ್‌ನಿಂದ ಖಾತೆಗೆ ಹಾಕಿದ್ದು 4,300 ಡಾಲರ್. ಬ್ಯಾಂಕಿಗೆ ವಾಪಸ್ ತೆಗೆದಿದ್ದು 2,900. ಖಾತೆಯಲ್ಲಿ ಇನ್ನೂ ಇದ್ದದ್ದು 260. ಅಂದರೆ 1,140 ಡಾಲರ್ ಕೈಬಿಟ್ಟಿತ್ತು.

ಅವನು ಸುಳ್ಳು ಹೇಳಿರಲಿಲ್ಲ. ದೊಡ್ಡದಾಗಿ ಗೆದ್ದ ನಾಲ್ಕೈದು ಸಂಜೆಗಳು ಅವನಿಗೆ ಚೆನ್ನಾಗಿ ನೆನಪಿದ್ದವು. ಇಪ್ಪತ್ತು, ಮೂವತ್ತು ಡಾಲರ್ ಹಾಗೆ ಸೋರಿಹೋದದ್ದು ನೆನಪಿರಲಿಲ್ಲ. ಬೆಟ್ಟಿಂಗ್‌ನಲ್ಲಿ ಲಾಭವನ್ನು ನೆನಪಿನಿಂದ ಅಳೆಯೋಕೆ ಆಗುವುದೇ ಇಲ್ಲ. ಅದಕ್ಕೆ ಅಳತೆಗೋಲು ಬೇಕು. ಆ ಅಳತೆಗೋಲು ಯಾವುದು, ಅದನ್ನು ಓದುವುದು ಹೇಗೆ, ಅದನ್ನು ಇಟ್ಟುಕೊಂಡು ಜನ ನಮಗೆ ಹೇಗೆ ಮೋಸ ಮಾಡುತ್ತಾರೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲೇ ಒಂದು ಮಾತು. ನಾನು ಹೇಳುತ್ತಿರುವುದು ಅಮೆರಿಕದ ಲೆಕ್ಕ. ಅಲ್ಲಿನ ಸುಪ್ರೀಂ ಕೋರ್ಟ್ 2018ರ ಮೇ 14ರಂದು ಕ್ರೀಡಾ ಬೆಟ್ಟಿಂಗ್ ಮೇಲಿದ್ದ ಹಳೆಯ ನಿಷೇಧವನ್ನು ರದ್ದು ಮಾಡಿತು. ಆಮೇಲೆ ಒಂದೊಂದೇ ರಾಜ್ಯ ಬೆಟ್ಟಿಂಗ್‌ಗೆ ಬಾಗಿಲು ತೆರೆಯಿತು. ನ್ಯೂಜೆರ್ಸಿ ಅದೇ ಜೂನ್‌ನಲ್ಲಿ ಶುರು ಮಾಡಿತು. ಕರ್ನಾಟಕದಲ್ಲಿ ಕೂತು ಓದುವವರ ಸ್ಥಿತಿ ಬೇರೆ. ಕ್ರಿಕೆಟ್ ಬೆಟ್ಟಿಂಗ್ ಅಲ್ಲಿ ಅಪರಾಧ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಕುದುರೆ ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದರಿಂದ ಟರ್ಫ್ ಕ್ಲಬ್‌ನ ವಿಷಯ ಬೇರೆ. ಆದರೆ "ಈ ತಿಂಗಳು +40 ಯೂನಿಟ್" ಅನ್ನುವ, ಯಾರ ಮೇಲೆ ಕಟ್ಟಬೇಕು ಅಂತ ಟಿಪ್ಸ್ ಮಾರುವವರ ಟೆಲಿಗ್ರಾಂ ಸಂದೇಶಗಳಿಗೆ ಗಡಿ ಇಲ್ಲ. ಮಂಡ್ಯದ ಹುಡುಗನ ಫೋನಿಗೂ ಅವು ಬರುತ್ತವೆ. ಒಂದು ಪೈಸೆ ಕಟ್ಟದವನಿಗೂ ಆ ಸಂಖ್ಯೆ ಏನು ಹೇಳುತ್ತದೆ, ಏನು ಮುಚ್ಚಿಡುತ್ತದೆ ಅಂತ ಗೊತ್ತಿರಬೇಕು.

ಹೆಜ್ಜೆ 1: ಗಂಟು ಬೇರೆ ಮಾಡುವುದು

ಎಲ್ಲ ಅಳತೆಯೂ ಇಲ್ಲಿಂದ ಶುರು. ಬೆಟ್ಟಿಂಗ್‌ಗೆ ಅಂತಲೇ ತೆಗೆದಿಟ್ಟ ದುಡ್ಡಿಗೆ ಬ್ಯಾಂಕ್‌ರೋಲ್ ಅನ್ನುತ್ತಾರೆ. ಪೂರ್ತಿ ಹೋದರೂ ಮನೆ ಬಾಡಿಗೆ, ಇಎಂಐ, ಮಕ್ಕಳ ಫೀಸು ಯಾವುದಕ್ಕೂ ತೊಂದರೆ ಆಗದಂಥ ದುಡ್ಡು ಇದು. ಸಂಬಳದ ಖಾತೆಯಿಂದ ಬೇಕೆಂದಾಗ ಎಳೆದು ಹಾಕುವವನಿಗೆ ಬ್ಯಾಂಕ್‌ರೋಲೇ ಇಲ್ಲ. ಅವನ ಲಾಭ ನಷ್ಟವನ್ನು ಯಾವುದರ ಜೊತೆ ಹೋಲಿಸುವುದು?

ಹೆಜ್ಜೆ 2: ಯೂನಿಟ್ ನಿಗದಿ ಮಾಡುವುದು

ಯೂನಿಟ್ ಅಂದರೆ ಒಂದು ಸಾಮಾನ್ಯ ಬೆಟ್‌ನ ಗಾತ್ರ. ಸಾಮಾನ್ಯವಾಗಿ ಬ್ಯಾಂಕ್‌ರೋಲ್‌ನ 1%, ಜಾಸ್ತಿ ಅಂದರೆ 2%. ಗಂಟು 2,000 ಡಾಲರ್ ಇದ್ದರೆ ಒಂದು ಯೂನಿಟ್ 20 ಡಾಲರ್.

ನೇರವಾಗಿ ಡಾಲರ್ ಅಥವಾ ರೂಪಾಯಿ ಹೇಳಬಹುದಲ್ವಾ, ಇದೆಲ್ಲ ಯಾಕೆ ಅಂತ ಅನ್ನಿಸಬಹುದು. ಒಬ್ಬ 500 ಡಾಲರ್ ಗೆದ್ದ, ಇನ್ನೊಬ್ಬನೂ 500 ಗೆದ್ದ ಅಂದುಕೊಳ್ಳಿ. ಮೊದಲನೆಯವನ ಬೆಟ್ ತಲಾ 10 ಡಾಲರ್. ಅವನದು 50 ಯೂನಿಟ್ ಲಾಭ. ಎರಡನೆಯವನು ಒಂದೇ ಪಂದ್ಯಕ್ಕೆ 500 ಕಟ್ಟಿ, ಹೆಚ್ಚು ಕಡಿಮೆ ಒಂದು ಯೂನಿಟ್ ಗೆದ್ದ. ಕೈಗೆ ಬಂದ ದುಡ್ಡು ಒಂದೇ, ಮಾಡಿದ ಕೆಲಸ ಬೇರೆ. ಜೇಬಿನ ಗಾತ್ರವನ್ನು ಬದಿಗಿಟ್ಟು ಆಯ್ಕೆಯನ್ನು ಮಾತ್ರ ಅಳೆಯುವುದು ಯೂನಿಟ್‌ನ ಕೆಲಸ. ನಮ್ಮೂರಲ್ಲಿ ಬೆಳೆಯನ್ನು "ಎಕರೆಗೆ ಇಷ್ಟು ಕ್ವಿಂಟಾಲ್" ಅಂತ ಹೇಳುತ್ತಾರಲ್ಲ, ಹಾಗೆ.

ಯೂನಿಟ್ ನಿಗದಿ ಮಾಡಿದ ಮೇಲೆ ಒಂದು ತಿಂಗಳೋ ಒಂದು ಸೀಸನ್ನೋ ಅದನ್ನು ಬದಲಿಸಬಾರದು. ಸೋತ ರಾತ್ರಿ "ಇದೊಂದು ಎರಡು ಪಟ್ಟು ಹಾಕೋಣ" ಅನ್ನಿಸುತ್ತದೆ. ಅಲ್ಲಿಗೆ ಅಳತೆ ಕೆಟ್ಟಿತು.

ಟಿಪ್ಸ್ ಮಾರುವವರ ದೊಡ್ಡ ಕೈಚಳಕವೂ ಇಲ್ಲೇ ಇದೆ. ಇದನ್ನು ನಿಧಾನವಾಗಿ ನೋಡೋಣ. ಒಬ್ಬ 20 ಬೆಟ್ ಕೊಟ್ಟ, ಪ್ರತಿಯೊಂದೂ ಒಂದು ಯೂನಿಟ್. 8 ಗೆದ್ದವು, 12 ಸೋತವು. ಅಮೆರಿಕದ ಮಾಮೂಲಿ ದರದಲ್ಲಿ ಗೆದ್ದರೆ 1 ಯೂನಿಟ್ ಬರುತ್ತದೆ, ಸೋತರೆ 1.1 ಹೋಗುತ್ತದೆ (ಯಾಕೆ ಅಂತ ಹೆಜ್ಜೆ 3ರಲ್ಲಿ ನೋಡೋಣ). 8 ಬಂತು, 13.2 ಹೋಯಿತು, ಅಂದರೆ 5.2 ಯೂನಿಟ್ ನಷ್ಟ. ಇಪ್ಪತ್ತೊಂದನೆಯದಕ್ಕೆ ಅವನು "ಇವತ್ತು ಗ್ಯಾರಂಟಿ, 10 ಯೂನಿಟ್ ಹಾಕಿ" ಅನ್ನುತ್ತಾನೆ. ಅದು ಗೆಲ್ಲುತ್ತದೆ. ಈಗ ಲೆಕ್ಕ +4.8 ಯೂನಿಟ್. ಜಾಹೀರಾತಿನಲ್ಲಿ "ಈ ವಾರ ಸುಮಾರು 5 ಯೂನಿಟ್ ಲಾಭ" ಅಂತ ಬರುತ್ತದೆ. 21ರಲ್ಲಿ 12 ತಪ್ಪಾಗಿದ್ದವು ಅಂತ ಬರುವುದಿಲ್ಲ. ಆ ಹತ್ತು ಯೂನಿಟ್ ಸೋತಿದ್ದರೆ ಆ ಚಾನೆಲ್ ಸದ್ದಿಲ್ಲದೆ ಮುಚ್ಚಿ, ಹೊಸ ಹೆಸರಲ್ಲಿ ಇನ್ನೊಂದು ತೆರೆಯುತ್ತಿತ್ತು. ಇಂಥ ಒಬ್ಬನಿಗೆ ನಾನೂ ಒಂದು ತಿಂಗಳ ಶುಲ್ಕ ಕಟ್ಟಿದ್ದೆ. ಮೂರನೇ ವಾರ ಚಾನೆಲ್ಲೇ ಕಾಣಲಿಲ್ಲ. ಯಾರಾದರೂ ಯೂನಿಟ್ ಲೆಕ್ಕ ಹೇಳಿದರೆ ಮೊದಲು ಒಂದೇ ಪ್ರಶ್ನೆ ಕೇಳಿ: ಎಲ್ಲ ಬೆಟ್‌ಗೂ ಒಂದೇ ಯೂನಿಟ್ ಹಾಕಿದ್ದರೆ ಎಷ್ಟಾಗುತ್ತಿತ್ತು?

ಹೆಜ್ಜೆ 3: ದರ ಓದುವುದು

ದರವನ್ನು ಆಡ್ಸ್ ಅನ್ನುತ್ತಾರೆ. ಮೂರು ಬಗೆಯಲ್ಲಿ ಬರೆಯುತ್ತಾರೆ.

ಅಮೆರಿಕದಲ್ಲಿ -110, +150 ಅಂತ. ಮೈನಸ್ ಇದ್ದರೆ 100 ಗೆಲ್ಲಲು ಎಷ್ಟು ಕಟ್ಟಬೇಕು ಅಂತ ಅರ್ಥ. -110 ಅಂದರೆ 110 ಕಟ್ಟಿದರೆ 100 ಲಾಭ. ಪ್ಲಸ್ ಇದ್ದರೆ 100 ಕಟ್ಟಿದರೆ ಎಷ್ಟು ಲಾಭ ಅಂತ. +150 ಅಂದರೆ 150 ಲಾಭ. ಯುರೋಪ್, ಆಸ್ಟ್ರೇಲಿಯಾ ಕಡೆ ದಶಮಾಂಶದಲ್ಲಿ ಬರೆಯುತ್ತಾರೆ. -110 ಅಲ್ಲಿ 1.91, +150 ಅಲ್ಲಿ 2.50. ಬ್ರಿಟನ್‌ನಲ್ಲಿ ಭಿನ್ನರಾಶಿ, ಆ 2.50ನ್ನೇ 6/4 (ಅಂದರೆ 3/2) ಅಂತ ಬರೆಯುತ್ತಾರೆ.

ಇಲ್ಲಿ ಎಡವುವವರು ಬಹಳ. ದಶಮಾಂಶದಲ್ಲಿ ನೀವು ಕಟ್ಟಿದ ದುಡ್ಡೂ ಸೇರಿರುತ್ತದೆ. 2.50ಕ್ಕೆ 20 ಡಾಲರ್ ಕಟ್ಟಿ ಗೆದ್ದರೆ ಕೈಗೆ 50 ಬರುತ್ತದೆ. ಲಾಭ 30 ಮಾತ್ರ. "50 ಗೆದ್ದೆ" ಅನ್ನುವವರು ತಮ್ಮದೇ 20ನ್ನು ಗೆಲುವಿಗೆ ಸೇರಿಸಿ ಹೇಳುತ್ತಿರುತ್ತಾರೆ.

ದರದ ಒಳಗೆ ಒಂದು ಸಂಭವನೀಯತೆ ಅಡಗಿರುತ್ತದೆ. 1ನ್ನು ದಶಮಾಂಶ ದರದಿಂದ ಭಾಗಿಸಿದರೆ ಅದು ಸಿಗುತ್ತದೆ. -110ಕ್ಕೆ ಅದು 52.38%. ಪಂದ್ಯದ ಎರಡೂ ಬದಿಗೆ -110 ಇದ್ದರೆ ಒಟ್ಟು 104.76%. ನಿಜವಾದ ಜಗತ್ತಿನಲ್ಲಿ ಅದು 100 ಆಗಬೇಕು. ಮೇಲಿನ ಆ 4.76 ಬೆಟ್ ತೆಗೆದುಕೊಳ್ಳುವ ಅಂಗಡಿಯವನ ತೂಕದ ಕಲ್ಲು, ಅಂದರೆ ಅವನ ಪಾಲು. ಅಮೆರಿಕದಲ್ಲಿ ಅದನ್ನು ವಿಗ್ ಅಥವಾ ಜ್ಯೂಸ್ ಅನ್ನುತ್ತಾರೆ. ಅದರಿಂದಲೇ ಈ ದರದಲ್ಲಿ ಆಡುವವನು ನೂರಕ್ಕೆ 50 ಗೆದ್ದರೆ ಸಾಲದು, 52.38 ಗೆದ್ದರೆ ಸಮಸಮ.

ಈಗ ಯೂನಿಟ್‌ಗೆ ವಾಪಸ್ ಬರೋಣ. "ಒಂದು ಯೂನಿಟ್ ಹಾಕಿದೆ" ಅನ್ನುವುದಕ್ಕೆ ಎರಡು ಅರ್ಥ ಇದೆ. ಒಂದು ಯೂನಿಟ್ ಕಟ್ಟಿದೆ ಅಂತಲೂ ಆಗಬಹುದು, ಒಂದು ಯೂನಿಟ್ ಗೆಲ್ಲುವಷ್ಟು ಕಟ್ಟಿದೆ ಅಂತಲೂ ಆಗಬಹುದು. -200 ದರದಲ್ಲಿ ಮೊದಲನೆಯ ರೀತಿಯವನು 1 ಕಟ್ಟಿ 0.5 ಗೆಲ್ಲುತ್ತಾನೆ. ಎರಡನೆಯವನು 2 ಕಟ್ಟಿ 1 ಗೆಲ್ಲುತ್ತಾನೆ. ಸೋತಾಗ ಇವನಿಗೆ ಎರಡು ಪಟ್ಟು ಪೆಟ್ಟು. ಯಾವ ರೀತಿ ಬೇಕಾದರೂ ಇಟ್ಟುಕೊಳ್ಳಿ, ಆದರೆ ಕೊನೆಯವರೆಗೂ ಅದೇ ಇರಲಿ. ನನಗೆ "ಕಟ್ಟಿದ್ದು" ಅನ್ನುವ ಲೆಕ್ಕವೇ ಸರಿ ಅನ್ನಿಸುತ್ತದೆ. ಹೊರಗೆ ಹೋಗುವ ದುಡ್ಡು ಕಣ್ಣೆದುರಿಗೇ ಇರುತ್ತದೆ. ಇಲ್ಲಿಂದ ಮುಂದೆ ನಾನು ಬಳಸುವುದೂ ಅದನ್ನೇ.

ಹೆಜ್ಜೆ 4: ಪುಸ್ತಕ ಬರೆಯುವುದು

ಎಕ್ಸೆಲ್ ಆಗಲಿ, ಮಕ್ಕಳ ಹಳೇ ನೋಟ್‌ಬುಕ್ ಆಗಲಿ, ಪರವಾಗಿಲ್ಲ. ತಾರೀಕು, ಪಂದ್ಯ, ಯಾರ ಮೇಲೆ, ದರ, ಎಷ್ಟು ಯೂನಿಟ್, ಫಲಿತಾಂಶ, ಬಂದದ್ದು ಅಥವಾ ಹೋದದ್ದು. ಪಂದ್ಯ ಶುರುವಾಗುವ ಮೊದಲೇ ಬರೆಯಬೇಕು. ಮುಗಿದ ಮೇಲೆ ಬರೆಯುವ ಪುಸ್ತಕದಲ್ಲಿ ಸೋಲುಗಳು ತಾವಾಗಿ ಮಾಯವಾಗುತ್ತವೆ.

ಒಂದು ಪುಟ ಹೀಗಿರುತ್ತದೆ:

1.91 ದರ, 1 ಯೂನಿಟ್, ಗೆಲುವು: +0.91
1.91 ದರ, 1 ಯೂನಿಟ್, ಸೋಲು: -1.00
2.50 ದರ, 1 ಯೂನಿಟ್, ಗೆಲುವು: +1.50
1.50 ದರ, 2 ಯೂನಿಟ್, ಗೆಲುವು: +1.00
3.20 ದರ, ಅರ್ಧ ಯೂನಿಟ್, ಸೋಲು: -0.50
1.91 ದರ, 1 ಯೂನಿಟ್, ಸಮ: 0

ಒಟ್ಟು +1.91 ಯೂನಿಟ್. ಯೂನಿಟ್ 20 ಡಾಲರ್ ಆದರೆ 38 ಡಾಲರ್ 20 ಸೆಂಟ್. ಕೊನೆಯ ಸಾಲಿನಲ್ಲಿ ದುಡ್ಡು ವಾಪಸ್ ಬಂದಿದೆ, ಅದಕ್ಕೆ ಪುಶ್ ಅನ್ನುತ್ತಾರೆ. ಅದನ್ನು ಬಿಟ್ಟರೆ ಕಟ್ಟಿದ್ದು ಒಟ್ಟು 5.5 ಯೂನಿಟ್.

ಹೆಜ್ಜೆ 5: ಎರಡು ಶೇಕಡಾವಾರು, ಎರಡು ಅರ್ಥ

ಲಾಭವನ್ನು ಒಟ್ಟು ಕಟ್ಟಿದ ಮೊತ್ತದಿಂದ ಭಾಗಿಸಿದರೆ ಬರುವುದು ಯೀಲ್ಡ್. ಕೆಲವರು ಇದನ್ನೇ ಆರ್‌ಒಐ ಅನ್ನುತ್ತಾರೆ. ಮೇಲಿನ ಪುಟದಲ್ಲಿ 1.91ನ್ನು 5.5ರಿಂದ ಭಾಗಿಸಿದರೆ ಸುಮಾರು 35%. ಕೇಳೋಕೆ ಭರ್ಜರಿ. ಆರು ಬೆಟ್‌ಗೆ ಅದರಲ್ಲಿ ಏನೂ ಅರ್ಥ ಇಲ್ಲ. ಯಾಕೆ ಅಂತ ಮುಂದಿನ ಹೆಜ್ಜೆಯಲ್ಲಿ ನೋಡೋಣ.

ಲಾಭವನ್ನು ಮೊದಲಿಟ್ಟ ಗಂಟಿನಿಂದ ಭಾಗಿಸಿದರೆ ಬರುವುದು ಬ್ಯಾಂಕ್‌ರೋಲ್‌ನ ಬೆಳವಣಿಗೆ. ಇವೆರಡನ್ನೂ ಕಲಸಿ ಹೇಳುವುದು ಮಾಮೂಲಿ. 1% ಯೂನಿಟ್ ಇಟ್ಟುಕೊಂಡು 1,000 ಬೆಟ್ ಆಡಿ 20 ಯೂನಿಟ್ ಗೆದ್ದವನ ಯೀಲ್ಡ್ 2%. ಅವನ ಗಂಟು ಬೆಳೆದದ್ದು 20%. ಜಾಹೀರಾತಿನಲ್ಲಿ ಯಾವುದು ಬರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಅದೇ 20 ಯೂನಿಟ್ 100 ಬೆಟ್‌ನಿಂದ ಬಂದಿದ್ದರೆ ಯೀಲ್ಡ್ 20%. ಬೆಟ್‌ಗಳ ಸಂಖ್ಯೆ ಹೇಳದೆ "20 ಯೂನಿಟ್" ಅಂದರೆ ಅದು ಅರ್ಧ ವಾಕ್ಯ.

ಅಂಗಡಿಯವರೂ ತಮ್ಮ ಲಾಭವನ್ನು ಹೀಗೇ ಅಳೆಯುತ್ತಾರೆ. ಜನ ಕಟ್ಟಿದ ಒಟ್ಟು ಮೊತ್ತಕ್ಕೆ ಹ್ಯಾಂಡಲ್ ಅನ್ನುತ್ತಾರೆ. ಅದರಲ್ಲಿ ಅಂಗಡಿಯಲ್ಲಿ ಉಳಿದ ಪಾಲು ಹೋಲ್ಡ್. 2023ರಲ್ಲಿ ಅಮೆರಿಕದ ಕಾನೂನುಬದ್ಧ ಬೆಟ್ಟಿಂಗ್‌ನ ಹ್ಯಾಂಡಲ್ ಸುಮಾರು 12,000 ಕೋಟಿ ಡಾಲರ್. ಅಂಗಡಿಗಳಲ್ಲಿ ಉಳಿದದ್ದು ಸುಮಾರು 1,100 ಕೋಟಿ, ಅಂದರೆ 9%. ಇದನ್ನೇ ತಿರುವಿ ಓದಿ. ಆಡಿದವರೆಲ್ಲರನ್ನೂ ಒಟ್ಟಿಗೆ ಹಿಡಿದರೆ ಅವರ ಯೀಲ್ಡ್ -9%. ನಮ್ಮ ಪುಸ್ತಕದ ಸಂಖ್ಯೆಯನ್ನು ಮೊದಲು ಹೋಲಿಸಬೇಕಾದದ್ದು ಇದರ ಜೊತೆ. -110ರ ಬೆಟ್‌ನಲ್ಲಿ ಕಣ್ಣುಮುಚ್ಚಿ ಆಡಿದರೂ ನಷ್ಟ 4.5% ಸುತ್ತಮುತ್ತ. ಹಾಗಿದ್ದೂ ದೇಶದ ಸರಾಸರಿ 9 ಯಾಕೆ? ನಾಲ್ಕೈದು ಪಂದ್ಯ ಪೋಣಿಸಿ ಕಟ್ಟುವ ಪಾರ್ಲೇಗಳು ಮುಖ್ಯ ಕಾರಣ. ಒಂದೊಂದು ಪಂದ್ಯ ಸೇರಿಸಿದಾಗಲೂ ಅಂಗಡಿಯ ಪಾಲು ಗುಣಿಸಿಕೊಂಡು ಬೆಳೆಯುತ್ತದೆ.

ಹೆಜ್ಜೆ 6: ಅದೃಷ್ಟವನ್ನು ಬೇರ್ಪಡಿಸುವುದು

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ. ದಯವಿಟ್ಟು ಹಾರಿಸಬೇಡಿ.

ಏನೂ ಗೊತ್ತಿಲ್ಲದ ಒಬ್ಬ ನಾಣ್ಯ ಚಿಮ್ಮಿ 100 ಬೆಟ್ ಆಡಿದ ಅಂದುಕೊಳ್ಳಿ. ದರ -110, ಪ್ರತಿ ಬೆಟ್‌ಗೂ ಕಟ್ಟುವುದು ಒಂದು ಯೂನಿಟ್. ಸರಾಸರಿ 50 ಗೆದ್ದು 4.5 ಯೂನಿಟ್ ಕಳೆದುಕೊಳ್ಳಬೇಕು. ಆದರೆ ನಾಣ್ಯ ಸರಾಸರಿಗೆ ಅಂಟಿಕೊಂಡು ಬೀಳುವುದಿಲ್ಲ. ಹತ್ತರಲ್ಲಿ ಏಳು ಸಲ ಗೆಲುವು 45ರಿಂದ 55ರ ಒಳಗಿರುತ್ತದೆ. 45 ಗೆದ್ದರೆ 14 ಯೂನಿಟ್ ನಷ್ಟ, 55 ಗೆದ್ದರೆ 5 ಯೂನಿಟ್ ಲಾಭ. ಇಷ್ಟು ಅಗಲ ಬರೀ ಅದೃಷ್ಟದ್ದು. 58 ಅಥವಾ ಅದಕ್ಕಿಂತ ಹೆಚ್ಚು ಗೆದ್ದು 10 ಯೂನಿಟ್ ದಾಟುವ ಸಾಧ್ಯತೆ ನೂರಕ್ಕೆ 6ರಿಂದ 7. ಸಾವಿರ ಜನ ನಾಣ್ಯ ಚಿಮ್ಮಿದರೆ ಸುಮಾರು 65 ಜನ "100 ಬೆಟ್‌ನಲ್ಲಿ +10 ಯೂನಿಟ್" ಅಂತ ಸತ್ಯವಾಗಿಯೇ ಹೇಳಬಹುದು. ಉಳಿದವರು ಸುಮ್ನಾಗುತ್ತಾರೆ. ನಮ್ಮ ಫೋನಿಗೆ ಬರುವುದು ಆ 65 ಜನರ ಸಂದೇಶ.

ನಿಜವಾದ ಕೌಶಲ ಇದ್ದರೂ ಅದು ನೂರಕ್ಕೆ 53, 54 ಗೆಲ್ಲುವಷ್ಟು ತೆಳು. ಅದು ಪುಸ್ತಕದಲ್ಲಿ ಸ್ಪಷ್ಟವಾಗಿ ಕಾಣಲು ಸಾವಿರಾರು ಬೆಟ್ ಬೇಕು. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಒಂದು ಸೀಸನ್‌ನಲ್ಲಿ ಪ್ಲೇಆಫ್ ಬಿಟ್ಟರೆ ಇರುವುದೇ 272 ಪಂದ್ಯ.

ಅಷ್ಟು ಕಾಯಲಾಗದವರಿಗೆ ಇನ್ನೊಂದು ಅಳತೆ ಇದೆ. ನೀವು ಹಾಕಿದ ದರವನ್ನು ಪಂದ್ಯ ಶುರುವಾಗುವ ಕ್ಷಣದ ದರದ ಜೊತೆ ಹೋಲಿಸುವುದು. ಆ ಕೊನೆಯ ದರಕ್ಕೆ ಕ್ಲೋಸಿಂಗ್ ಲೈನ್ ಅನ್ನುತ್ತಾರೆ. ನೀವು 2.10ಕ್ಕೆ ಹಾಕಿ, ಕೊನೆಗೆ ಅದು 1.95ಕ್ಕೆ ಇಳಿದರೆ ಅಗ್ಗಕ್ಕೆ ಕೊಂಡಿದ್ದೀರಿ ಅಂತ ಅರ್ಥ. ಪಂದ್ಯ ಸೋತರೂ ಕೊಳ್ಳುವುದು ಸರಿಯಾಗಿತ್ತು. ಮೇಲಿಂದ ಮೇಲೆ ಉಲ್ಟಾ ಆಗುತ್ತಿದ್ದರೆ, ಗೆಲ್ಲುತ್ತಿದ್ದರೂ ಜಾಸ್ತಿ ದಿನ ನಡೆಯುವುದಿಲ್ಲ.

2024ರ ಜೂನ್ 9 ನೆನಪಿದೆಯಾ? ನ್ಯೂಯಾರ್ಕ್‌ನ ನಸ್ಸಾವ್ ಮೈದಾನದಲ್ಲಿ ಭಾರತ 119ಕ್ಕೆ ಆಲೌಟ್ ಆಗಿ, ಪಾಕಿಸ್ತಾನವನ್ನು 113ಕ್ಕೆ ಕಟ್ಟಿಹಾಕಿದ ದಿನ. ಅವತ್ತು ನಮ್ಮ ವಾಟ್ಸಾಪ್ ಗುಂಪಿನಲ್ಲಿ "ನಾನು ಹೇಳಿರಲಿಲ್ವಾ" ಅಂದವರು ಎಷ್ಟು ಜನ! ಆರು ರನ್‌ಗಳಿಂದ ಗೆದ್ದ ಪಂದ್ಯ ಅದು. ಒಂದು ಸಿಕ್ಸರ್ ಈ ಕಡೆಯಿಂದ ಆ ಕಡೆಗೆ. ಅಂಥ ಫಲಿತಾಂಶದಿಂದ ಯಾರ ಬುದ್ಧಿವಂತಿಕೆಯನ್ನೂ ಅಳೆಯೋಕಾಗಲ್ಲ. ಯಾವ ದರಕ್ಕೆ ಕಟ್ಟಿದ್ದರು ಅನ್ನುವುದರಿಂದ ಸ್ವಲ್ಪ ಅಳೆಯಬಹುದು.

ಹೆಜ್ಜೆ 7: ಬೆಟ್‌ನ ಗಾತ್ರ ಬದಲಿಸುವ ಪದ್ಧತಿಗಳು

ಎಲ್ಲಕ್ಕೂ ಒಂದೇ ಯೂನಿಟ್ ಕಟ್ಟುವುದು ಫ್ಲಾಟ್. ಲೆಕ್ಕ ಇಡಲು ಅದೇ ಒಳ್ಳೆಯದು.

ಕೆಲ್ಲಿ ಸೂತ್ರ ಅಂತ ಒಂದಿದೆ. ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಬರೆದದ್ದು. ನಿಮ್ಮ ಗೆಲ್ಲುವ ಸಾಧ್ಯತೆ 54% ಇದ್ದು, ದರ 1.91 ಆದರೆ, ಗಂಟಿನ ಸುಮಾರು 3.5% ಕಟ್ಟು ಅನ್ನುತ್ತದೆ. ಗಣಿತ ಸರಿ. ಆದರೆ ಆ 54 ನಿಮ್ಮ ಅಂದಾಜು. ನಿಜದಲ್ಲಿ ಅದು 52 ಆಗಿದ್ದರೆ ಕಟ್ಟಬೇಕಾದದ್ದು ಸೊನ್ನೆ. ಹಾಗಾಗಿ ತಿಳಿದವರೂ ಅದರ ಅರ್ಧವೋ ಕಾಲುಭಾಗವೋ ಮಾತ್ರ ಕಟ್ಟುತ್ತಾರೆ.

ಸೋತಾಗಲೆಲ್ಲ ದುಪ್ಪಟ್ಟು ಮಾಡುವ ಮಾರ್ಟಿಂಗೇಲ್ ಹತ್ತಿರ ಹೋಗಲೇಬೇಡಿ. 100ರಿಂದ ಶುರು ಮಾಡಿ ಎಂಟು ಸಲ ಸೋತರೆ 25,500 ಹೋಗಿರುತ್ತದೆ. ಒಂಬತ್ತನೆಯದಕ್ಕೆ 25,600 ಬೇಕು. ಅದೂ ಗೆಲ್ಲಲು ಹೊರಟಿದ್ದ ಬರೀ 100ಕ್ಕೋಸ್ಕರ.

ಹೆಜ್ಜೆ 8: ಯೂನಿಟ್‌ನಿಂದ ಮತ್ತೆ ದುಡ್ಡಿಗೆ

ತಿಂಗಳಿಗೊಮ್ಮೆ ಪುಸ್ತಕವನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕ ಇಟ್ಟು ನೋಡಿ. ಹಾಕಿದ್ದು, ತೆಗೆದದ್ದು, ಉಳಿದದ್ದು. ಪುಸ್ತಕ ಲಾಭ ಹೇಳಿ ಬ್ಯಾಂಕ್ ನಷ್ಟ ಹೇಳಿದರೆ, ಬ್ಯಾಂಕ್ ಹೇಳುವುದೇ ಸರಿ.

ಅಂಗಡಿ ಪುಕ್ಕಟೆ ಕೊಡುವ ಬೋನಸ್ ಬೆಟ್‌ಗಳನ್ನು ಬೇರೆ ಪುಟದಲ್ಲಿ ಬರೆಯಿರಿ. 50 ಡಾಲರ್ ಬೋನಸ್ 1.91ಕ್ಕೆ ಗೆದ್ದರೆ ಸಾಮಾನ್ಯವಾಗಿ ಸಿಗುವುದು ಲಾಭದ 45 ಚಿಲ್ಲರೆ ಮಾತ್ರ. ಆ 50 ವಾಪಸ್ ಬರುವುದಿಲ್ಲ. ಅದು ನಿಮ್ಮ ಆಯ್ಕೆಯ ಲಾಭವೂ ಅಲ್ಲ, ಅಂಗಡಿಯ ಜಾಹೀರಾತು ಖರ್ಚು.

ಆಮೇಲೆ ತೆರಿಗೆ. ಅಮೆರಿಕದಲ್ಲಿ 2025ರ ಜುಲೈನಲ್ಲಿ ಸಹಿಯಾದ ಕಾಯ್ದೆಯಿಂದಾಗಿ, 2026ನೇ ತೆರಿಗೆ ವರ್ಷದಿಂದ ಜೂಜಿನ ನಷ್ಟದಲ್ಲಿ 90% ಮಾತ್ರ ಕಳೆಯಲು ಅವಕಾಶ. ವರ್ಷದಲ್ಲಿ 1,00,000 ಗೆದ್ದು 1,00,000 ಸೋತವನ ನಿಜವಾದ ಲಾಭ ಸೊನ್ನೆ. ಆದರೂ ಅವನಿಗೆ 10,000 ಡಾಲರ್ ಆದಾಯ ಬಂದಂತೆ ತೆರಿಗೆ ಬೀಳುತ್ತದೆ. ಭಾರತದಲ್ಲಿ ಕುದುರೆ ರೇಸ್‌ನ ಗೆಲುವಿಗೆ 30% ತೆರಿಗೆ, ಮೇಲೆ ಸೆಸ್. ಸೋತ ಬೆಟ್‌ಗಳನ್ನು ಅದರಿಂದ ಕಳೆಯುವ ಹಾಗಿಲ್ಲ. ತೆರಿಗೆ ಕಳೆಯದ ಯೂನಿಟ್ ಲೆಕ್ಕ ಜೇಬಿನ ಲೆಕ್ಕ ಆಗುವುದಿಲ್ಲ.

ಪುಸ್ತಕ ಇನ್ನೊಂದನ್ನೂ ತೋರಿಸುತ್ತದೆ. ಯೂನಿಟ್ ತಾನಾಗಿ ದೊಡ್ಡದಾಗುತ್ತಿದೆಯಾ? ರಾತ್ರಿ ಎರಡು ಗಂಟೆಯ ಬೆಟ್‌ಗಳು ಕಾಣುತ್ತಿವೆಯಾ? ಗೊತ್ತೇ ಇಲ್ಲದ ದೇಶದ ಟೇಬಲ್ ಟೆನಿಸ್ ಮೇಲೆ ದುಡ್ಡು ಹೋಗುತ್ತಿದೆಯಾ? ಬರೆಯುವುದೇ ಬೇಡ ಅನ್ನಿಸುತ್ತಿದೆಯಾ? ಹಾಗಾದರೆ ಈಗ ಬೇಕಾದದ್ದು ಯೀಲ್ಡ್ ಲೆಕ್ಕ ಅಲ್ಲ, ಜೊತೆಗೆ ಕೂತು ಮಾತಾಡುವ ಜನ. ನ್ಯೂಜೆರ್ಸಿಯಲ್ಲಿ 1-800-ಗ್ಯಾಂಬ್ಲರ್ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆನ್‌ಲೈನ್ ಆಟವೂ ಸೇರಿದಂತೆ ತಂತ್ರಜ್ಞಾನದ ಗೀಳಿಗೆ ಅಂತಲೇ ಶಟ್ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಆ ಗೆಳೆಯ ಈ ಸೀಸನ್‌ಗೆ ಒಂದು ನೋಟ್‌ಬುಕ್ ತಂದುಕೊಂಡ. ಗಂಟು 1,000 ಡಾಲರ್, ಯೂನಿಟ್ 10. ಹೋದ ವಾರ ಆ ಪುಟದ ಫೋಟೋ ಕಳಿಸಿದ್ದ. 64 ಬೆಟ್, 30 ಗೆಲುವು, 34 ಸೋಲು, -6.7 ಯೂನಿಟ್. ಕೆಳಗೆ ಎರಡು ಗೆರೆ ಎಳೆದು "67 ಡಾಲರ್ ಹೋಯ್ತು, ಗೊತ್ತಿದ್ದೇ ಹೋಯ್ತು" ಅಂತ ಬರೆದಿದ್ದ.